ಚಂದ್ರನ ಪಾಲು

ಇಸೊಗಾಯಿ ತೊಕುಜಿಯ ಬಾಯಲ್ಲಿ ಎಲ್ಲ ಮಾತೂ ಸಲೀಸಾಗಿ ಬರುತ್ತಿತ್ತು, ‘ಗೊತ್ತಿಲ್ಲ’ ಎಂಬ ಒಂದು ಮಾತು ಬಿಟ್ಟು. ದಾರಿ ಕೇಳಿದವರಿಗೆ ತಾನು ಕಾಲಿಡದ ಊರಿನ ದಾರಿಯನ್ನೂ ಧೈರ್ಯವಾಗಿ ತೋರಿಸಿ ಕಳಿಸಿಬಿಡುತ್ತಿದ್ದ. ಹಾಗೆ ಹೋದವರಲ್ಲಿ ಒಬ್ಬರೂ ವಾಪಸು ಬಂದು ಜಗಳ ತೆಗೆದಿರಲಿಲ್ಲ. ಆದ್ದರಿಂದ ಎಲ್ಲರೂ ಸರಿಯಾಗಿಯೇ ತಲುಪಿದ್ದಾರೆಂದು ಅವನ ನಂಬಿಕೆ. ನಗೋಯಾ ಪೇಟೆಯ ದೊಡ್ಡ ಅಂಗಡಿಯೊಂದರಲ್ಲಿ ಲಿಫ್ಟ್ ರಿಪೇರಿ ಮಾಡುತ್ತ ಆಯುಷ್ಯ ಸವೆಸಿ, ಈಗ ನಿವೃತ್ತನಾಗಿ, ಊರಾಚೆ ಗುಡ್ಡ ಕಡಿದು ಕಟ್ಟಿದ ಬಡಾವಣೆಯಲ್ಲಿ ಹೆಂಡತಿ ಫುಸಾಯೆ ಜೊತೆ ಇದ್ದ. ಹುಟ್ಟಿದ್ದು ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ, ದುಡಿದದ್ದು ಲಿಫ್ಟಿನ ಗುಂಡಿಯಲ್ಲಿ. ಇಂಥವನು ಮಕ್ಕಳಿಗೆ ಹುಣ್ಣಿಮೆ ಹಬ್ಬದ ಪಾಠ ಹೇಳಲು ಹೋದನೆಂದರೆ ಅದರ ಹಿಂದೆ ಏನೋ ಇರಲೇಬೇಕು. ಇದ್ದದ್ದು ಮೊಮ್ಮಗಳು ಚಿನಾಮಿ.

ಮಗಳ ಸಂಸಾರ ಮುರಿದುಬಿದ್ದು, ಆ ಬೇಸಿಗೆಯಲ್ಲಿ ಅವಳು ಐದು ವರ್ಷದ ಕೂಸಿನ ಕೈ ಹಿಡಿದು ತೌರಿಗೆ ಬಂದಿದ್ದಳು. ಅವಳೇನೋ ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಹಿಡಿದಳು. ಕೂಸನ್ನು ಬಡಾವಣೆಯ ಮಿನೊರಿ ಶಿಶುವಿಹಾರಕ್ಕೆ ಸೇರಿಸಿದರು. ಅಲ್ಲಿ ಮಕ್ಕಳನ್ನು ದಿನಾ ಪಾರ್ಕಿಗೆ ಜೋಡಿ ಜೋಡಿಯಾಗಿ ಕೈ ಹಿಡಿಸಿ ಕರೆದುಕೊಂಡು ಹೋಗುವ ಪದ್ಧತಿ. ಜೋಡಿಗಳೆಲ್ಲ ಏಪ್ರಿಲ್ಲಿನಲ್ಲಿ ಶಾಲೆ ಶುರುವಾದಾಗಲೇ ಗಟ್ಟಿಯಾಗಿಬಿಟ್ಟಿದ್ದವು. ನಡುವೆ ಬಂದ ಚಿನಾಮಿ ಒಂಟಿಯಾಗಿ ಉಳಿದಳು. ಸಾಲಿನ ಕೊನೆಯಲ್ಲಿ ಟೀಚರ್ ಜೊತೆ ನಡೆಯಬೇಕಾಯಿತು.

“ಟೀಚರ್ ಕೈಯಲ್ಲಿ ಯಾವಾಗಲೂ ಏನಾದ್ರೂ ಇರುತ್ತೆ ತಾತ,” ಎಂದಳು ಒಂದು ಸಂಜೆ. “ಸೀಟಿ ಇರುತ್ತೆ, ಇಲ್ಲಾಂದ್ರೆ ಯಾರದಾದ್ರೂ ಟೋಪಿ. ನಂಗೆ ಎರಡೇ ಬೆರಳು ಸಿಗುತ್ತೆ.”

ಆ ಎರಡು ಬೆರಳಿನ ಮಾತು ತೊಕುಜಿಯ ಹೊಟ್ಟೆಯಲ್ಲಿ ಕೂತುಬಿಟ್ಟಿತು. ಕೆಟ್ಟ ಲಿಫ್ಟಾಗಿದ್ದರೆ ಬಿಚ್ಚಿ ನೋಡುತ್ತಿದ್ದ. ಮಕ್ಕಳ ಸಾಲನ್ನು ಬಿಚ್ಚಿ ಮತ್ತೆ ಜೋಡಿಸುವುದು ಹೇಗೆಂದು ಅವನಿಗೆ ತೋಚಲಿಲ್ಲ.

ಶಿಶುವಿಹಾರದ ಮುಖ್ಯೋಪಾಧ್ಯಾಯಿನಿ ಒಕಿಶಿಮಾ ಮೇಡಂಗೆ ಸಂಪ್ರದಾಯ ಎಂದರೆ ಪ್ರಾಣ. ಒಂದೊಂದು ಋತುವಿಗೂ ಒಬ್ಬೊಬ್ಬ ಹಿರಿಯರನ್ನು ಕರೆಸಿ ಹಬ್ಬದ ಪಾಠ ಹೇಳಿಸುತ್ತಿದ್ದರು. ಫೆಬ್ರವರಿಯಲ್ಲಿ ಬಡಾವಣೆ ಸಂಘದ ಅಧ್ಯಕ್ಷ ಸಕಾಗಾಮಿ ರಾಕ್ಷಸನ ಮುಖವಾಡ ಹಾಕಿಕೊಂಡು ಬಂದಿದ್ದರು. ಮಕ್ಕಳು ಹುರಿದ ಸೋಯಾ ಕಾಳು ಎರಚಬೇಕು, ರಾಕ್ಷಸ ಓಡಿಹೋಗಬೇಕು, ವರ್ಷವೆಲ್ಲ ಪೀಡೆ ತೊಲಗಬೇಕು. ಆದರೆ ರೈಲ್ವೆಯಲ್ಲಿ ಮೇಲಧಿಕಾರಿಯಾಗಿ ನಿವೃತ್ತರಾದ ಸಕಾಗಾಮಿಗೆ ಯಾರಿಗೂ ಹೆದರಿ ಓಡಿ ಅಭ್ಯಾಸವಿರಲಿಲ್ಲ. ನಿಂತಲ್ಲೇ ನಿಂತು ಕಾಳಿನೇಟು ತಿಂದು, ಆಮೇಲೆ ಮುಖವಾಡ ಮೇಲೆತ್ತಿ, ತಿನ್ನುವ ಪದಾರ್ಥ ಹೀಗೆ ನೆಲಕ್ಕೆ ಚೆಲ್ಲಬಾರದೆಂದು ಬುದ್ಧಿ ಹೇಳಿದರು. ಮಕ್ಕಳು ಅತ್ತರು. ಜುಲೈ ತಿಂಗಳ ನಕ್ಷತ್ರದ ಹಬ್ಬಕ್ಕೆ ಬಂದವರು ನಿವೃತ್ತ ಟೀಚರ್ ಕುಗಾ. ಮಕ್ಕಳು ಮನಸ್ಸಿನ ಆಸೆಯನ್ನು ಬಣ್ಣದ ಚೀಟಿಯಲ್ಲಿ ಬರೆದು ಬಿದಿರಿಗೆ ಕಟ್ಟುವ ಹಬ್ಬ ಅದು. ಕುಗಾಮ್ಮ ಆಸೆಗಳನ್ನೆಲ್ಲ ಕೆಂಪು ಪೆನ್ನಿನಲ್ಲಿ ತಿದ್ದಿದರು. ಡೈನೋಸಾರ್ ಆಗಬೇಕೆಂದು ಬರೆದಿದ್ದ ಮಗು ಕೊನೆಗೆ ಚೆನ್ನಾಗಿ ಓದುತ್ತೇನೆಂದು ಬರೆಯಬೇಕಾಯಿತು. ಬಿದಿರಿನ ತುಂಬ ಅದೇ ಆಸೆ ನೇತಾಡಿತು.

ಸೆಪ್ಟೆಂಬರಿನ ಹುಣ್ಣಿಮೆ ಹಬ್ಬಕ್ಕೆ ಮಾತ್ರ ಯಾರೂ ಸಿಗಲಿಲ್ಲ. ಈ ಹಬ್ಬದ ವಿಷಯ ಯಾರಿಗೆ ಗೊತ್ತು ಮಕ್ಕಳೇ ಎಂದು ಮೇಡಂ ಸುಮ್ಮನೆ ಕೇಳಿದರೆ ಚಿನಾಮಿ ಕೈಯೆತ್ತಿ, ನಮ್ಮ ತಾತನಿಗೆ ಎಲ್ಲಾ ಗೊತ್ತು ಎಂದುಬಿಟ್ಟಳು. ಇಡೀ ತರಗತಿ ಮೊದಲನೇ ಸಲ ಅವಳ ಕಡೆ ತಿರುಗಿ ನೋಡಿತು. ಮನೆಗೆ ಬಂದು ತಾತನ ಕೊರಳಿಗೆ ಜೋತುಬಿದ್ದು, “ಚೆನ್ನಾಗಿ ಹೇಳ್ಬೇಕು ತಾತ. ನೀನು ಚೆನ್ನಾಗಿ ಹೇಳಿದ್ರೆ ಯಾರಾದ್ರೂ ನನ್ನ ಕೈ ಹಿಡೀತಾರೆ,” ಎಂದಳು.

ಫುಸಾಯೆಗೆ ಗಂಡನ ಯೋಗ್ಯತೆ ಮದುವೆಯಾದ ವಾರದಿಂದಲೇ ಗೊತ್ತಿತ್ತು. “ನೋಡ್ರೀ, ಅಕ್ಕಿಹಿಟ್ಟಿನ ಬಿಳಿ ಉಂಡೆ ಮಾಡ್ತಾರೆ, ಪಕ್ಕದಲ್ಲಿ ಸುಸುಕಿ ಹುಲ್ಲು ಇಡ್ತಾರೆ, ಚಂದ್ರನ್ನ ನೋಡ್ತಾರೆ. ಇಷ್ಟು ಹೇಳಿ ಬಾಯಿ ಮುಚ್ಕೊಂಡು ಮನೆಗೆ ಬನ್ನಿ,” ಎಂದಳು. ಇಷ್ಟಕ್ಕೆಲ್ಲ ಯಾವ ಮಗು ಬಂದು ಯಾರ ಕೈ ಹಿಡಿದೀತು? ತೊಕುಜಿ ಟವೆಲ್ ಹೆಗಲಿಗೆ ಹಾಕಿಕೊಂಡು ಬೀದಿಯವರೆಲ್ಲ ಹೋಗುವ ಸ್ನಾನದ ಮನೆಗೆ ನಡೆದ.

ಅಲ್ಲಿ ಬಿಸಿನೀರಿನ ದೊಡ್ಡ ತೊಟ್ಟಿಯಲ್ಲಿ ತಾಜಿಮಾ ತಾತ ಕುತ್ತಿಗೆವರೆಗೆ ಮುಳುಗಿ ಕೂತಿದ್ದರು. ಬಡಾವಣೆ ಏಳುವ ಮೊದಲು ಈ ಗುಡ್ಡದ ಕೆಳಗೆ ಅವರ ಗದ್ದೆಯಿತ್ತು. ವಿಷಯ ಕೇಳಿದ್ದೇ ಮುದುಕರ ಕಣ್ಣು ಅರಳಿತು. ತಾವು ಹುಡುಗರಾಗಿದ್ದಾಗ ಆ ರಾತ್ರಿ ಹಳ್ಳಿಯ ಮಕ್ಕಳೆಲ್ಲ ಬಿದಿರುಕೋಲಿನ ತುದಿಗೆ ಮೊಳೆ ಹೊಡೆದುಕೊಂಡು ಬೇಲಿ ಹಿಂದೆ ಅಡಗಿ, ಜಗಲಿಯಲ್ಲಿ ಇಟ್ಟ ಉಂಡೆ ಚುಚ್ಚಿ ಕದಿಯುತ್ತಿದ್ದರಂತೆ. ಅಂದು ಮಕ್ಕಳು ಕದ್ದರೆ ಅದು ಕಳ್ಳತನವಲ್ಲ, ಅವರು ಚಂದ್ರನ ಕಡೆಯವರು. ಯಾರ ಮನೆಯಲ್ಲಿ ಕಳುವಾಯಿತೋ ಆ ಮನೆಗೆ ವರ್ಷವೆಲ್ಲ ಅದೃಷ್ಟ. ಮನೆಯವರು ನೋಡಿಯೂ ನೋಡದ ಹಾಗೆ ಬೇರೆ ಕಡೆ ತಿರುಗಿಕೊಂಡಿರುತ್ತಿದ್ದರಂತೆ.

ನೀರು ಕೊತಕೊತ ಎನ್ನುತ್ತಿತ್ತು. ಬಿಸಿ ಜಾಸ್ತಿಯಾಯಿತೇ ಎಂದು ಮುದುಕರು ಮೊದಲೇ ಕೇಳಿದ್ದರು. ಏನೇನೂ ಇಲ್ಲ ಎಂದು ತೊಕುಜಿ ಹೇಳಿಯಾಗಿತ್ತು. ಹೇಳಿದ ತಪ್ಪಿಗೆ ಕೂತ, ಕೂತ, ಬೀಟ್ರೂಟಿನ ಹಾಗೆ ಕೆಂಪಾದ. ತಾಜಿಮಾ ತಾತ ಒಂದು ಬೆರಳೆತ್ತಿ, “ಆದ್ರೆ ಒಂದು ಮಾತು ಇಸೊಗಾಯಿಸಾನ್...” ಎನ್ನುವಷ್ಟರಲ್ಲಿ ಇವನಿಗೆ ಕಣ್ಣು ಕತ್ತಲೆ ಬಂದು, ಎದ್ದು, ಗೋಡೆ ಹಿಡಿದುಕೊಂಡು ಹೊರಗೆ ಹೋಗಿಬಿಟ್ಟ. ಆ ಒಂದು ಮಾತು ತೊಟ್ಟಿಯಲ್ಲೇ ಉಳಿಯಿತು.

ಪಾಠದ ದಿನ ಹುಣ್ಣಿಮೆಗೆ ಇನ್ನೂ ವಾರವಿತ್ತು. ತೊಕುಜಿ ಮದುವೆ ಸಾವುಗಳಿಗೆ ಹಾಕುವ ಕರಿ ಸೂಟು ಹಾಕಿಕೊಂಡು ಪುಟ್ಟ ಕುರ್ಚಿಯಲ್ಲಿ ಕೂತ. ಬಿಳಿ ಉಂಡೆಯ ವಿಷಯ ಹೇಳುವಾಗ ಮಕ್ಕಳು ಮೂಗಿನೊಳಗೆ ಬೆರಳಿಟ್ಟುಕೊಂಡಿದ್ದರು. ಕದಿಯುವ ವಿಷಯ ಬಂದದ್ದೇ ತಡ, ಬೆರಳುಗಳೆಲ್ಲ ಹೊರಗೆ ಬಂದವು. ಚಿನಾಮಿ ತಾತನ ಪಕ್ಕದಲ್ಲೇ ನಿಂತು, ತಾನೇ ಚಂದ್ರನನ್ನು ಸಾಕಿದವಳಂತೆ ಬೀಗುತ್ತಿದ್ದಳು. ಮುಂದಿನ ಸಾಲಿನ ರಿಕಾಕೊ ಎಂಬ ಹುಡುಗಿ ಮಾತ್ರ ಕಾನೂನು ತಿಳಿದವಳ ಹಾಗೆ ಪ್ರಶ್ನೆ ಹಾಕತೊಡಗಿದಳು.

“ಉಂಡೆ ಮಾತ್ರನಾ, ಬೇರೆ ಏನಾದ್ರೂ ತಗೋಬಹುದಾ?”

ಗೊತ್ತಿಲ್ಲ ಎಂದರೆ ಮುಗಿಯುತ್ತಿತ್ತು. ತೊಕುಜಿ ಗಂಟಲು ಸರಿಮಾಡಿಕೊಂಡ. “ಮನೆ ಹೊರಗಡೆ ಏನು ಇಟ್ಟಿರ್ತಾರೋ ಅದೆಲ್ಲಾ ಚಂದ್ರನ ಪಾಲು.”

“ಯಾವತ್ತು ತಗೋಬೇಕು?”

“ಚಂದ್ರ ಯಾವಾಗ ಕಾಣ್ತಾನೋ ಆವಾಗ.”

“ಅರ್ಧ ಚಂದ್ರ ಕಂಡ್ರೆ?”

“ಅರ್ಧ ಆದ್ರೂ ಅವನೂ ಚಂದ್ರನೇ ಅಲ್ವೇನಮ್ಮ.”

ಕೇಳಿ ತೆಗೆದುಕೊಂಡರೆ ಅದೃಷ್ಟ ಹೋಗುತ್ತದೆ, ಯಾರಿಗೂ ಹೇಳಬಾರದು, ತೆಗೆದುಕೊಂಡದ್ದನ್ನು ಬೆಳದಿಂಗಳು ಮೊದಲು ಬೀಳುವ ಕಡೆ ಇಡಬೇಕು ಎಂದೆಲ್ಲ ಅವನ ನಾಲಗೆ ತಾನಾಗಿ ಸೇರಿಸುತ್ತ ಹೋಯಿತು. ಬೆಳದಿಂಗಳು ಮೊದಲು ಬೀಳುವುದು ನಮ್ಮ ಮನೆ ಮೇಲಿನ ಬಾಲ್ಕನಿಗೆ ಎಂದು ಚಿನಾಮಿ ಸೇರಿಸಿದಳು. ಎಂಥ ಅಪರೂಪದ ಆಚಾರ ಎಂದು ಒಕಿಶಿಮಾ ಮೇಡಂ ಕಣ್ಣೊರೆಸಿಕೊಂಡರು. ಇವರ ಗಮನವೆಲ್ಲ ಇದ್ದದ್ದು ಫೋಟೋ ತೆಗೆಯುವುದರ ಮೇಲೆ.

ಅರ್ಧ ಚಂದ್ರ ಮಟಮಟ ಮಧ್ಯಾಹ್ನವೇ ಹುಟ್ಟುತ್ತಾನೆ, ಸಂಜೆ ಬೆಳಕಿನಲ್ಲೇ ನೆತ್ತಿಯ ಮೇಲೆ ಕಾಣುತ್ತಾನೆ ಎಂಬ ಸಣ್ಣ ವಿಷಯ ಲಿಫ್ಟಿನ ಗುಂಡಿಯಲ್ಲಿ ಬಾಳಿದವನಿಗೆ ಹೇಗೆ ತಿಳಿಯಬೇಕು? ಮಕ್ಕಳಿಗೆ ತಿಳಿಯಿತು. ಆ ದಿನವೇ ಕುಗಾಮ್ಮನ ಅಂಗಳದಿಂದ ಒಂದು ಕಾಕಿ ಹಣ್ಣು ಹೋಯಿತು. ಮರುದಿನ ಅವರದೇ ಒಂದು ಕಾಲುಚೀಲ. ಆಮೇಲೆ ಮೂಲೆಮನೆಯ ಬಾಗಿಲಲ್ಲಿ ಟೋಪಿ ಹಾಕಿಕೊಂಡು ನಿಂತಿದ್ದ ತನುಕಿ ಎಂಬ ನರಿಯಂಥ ಪ್ರಾಣಿಯ ಮಣ್ಣಿನ ಬೊಂಬೆ, ಬಟ್ಟೆ ಒಣಗಿಸುವ ಕ್ಲಿಪ್ಪುಗಳು, ಹೂಕುಂಡದ ಸಲಿಕೆ, ಸೈಕಲ್ಲಿನ ಗಂಟೆ, ಯಾರದೋ ಮನೆಯ ತಾತ ಬಿಸಿಲಿಗೆ ಇಟ್ಟಿದ್ದ ಹಲ್ಲಿನ ಸೆಟ್ಟು.

ಬಡಾವಣೆ ತಲ್ಲಣಿಸಿತು. ಒಂದೊಂದೇ ಕಾಲುಚೀಲ ಕದಿಯುವ ಕಳ್ಳ ಎಂದರೆ ಸಾಮಾನ್ಯನಲ್ಲ, ಮನಸ್ಸಿನ ರೋಗದವನು ಎಂದರು ಕುಗಾಮ್ಮ. ಅದು ತಂಡ, ಮೊದಲು ಸಣ್ಣಪುಟ್ಟದ್ದು ಕದ್ದು ನಾವು ಎಚ್ಚರವಾಗಿದ್ದೇವೋ ಇಲ್ಲವೋ ನೋಡುತ್ತಿದ್ದಾರೆ ಎಂದರು ಅಧ್ಯಕ್ಷ ಸಕಾಗಾಮಿ. ಚೌಕಿಯ ಪೊಲೀಸಪ್ಪ ಹಲ್ಲಿನ ಸೆಟ್ಟಿನ ದೂರು ಬರೆದುಕೊಳ್ಳುತ್ತ, ಕಳ್ಳನಿಗೆ ಹಲ್ಲಿರಲಾರದು ಎಂಬ ಸುಳಿವು ಹಿಡಿದು, ಬೊಚ್ಚುಬಾಯಿಯವರನ್ನೆಲ್ಲ ಅನುಮಾನದಿಂದ ನೋಡತೊಡಗಿದ. ಸುತ್ತೋಲೆ ಮನೆಯಿಂದ ಮನೆಗೆ ಓಡಿತು. ಸಂಜೆ ಗಸ್ತು ಶುರುವಾಯಿತು. ಹೊಳೆಯುವ ಹಳದಿ ಅಂಗಿ ತೊಟ್ಟು, ಮರದ ತುಂಡುಗಳನ್ನು ಟಕಟಕ ಬಡಿಯುತ್ತ, ಕಳ್ಳರಿದ್ದಾರೆ ಎಚ್ಚರಿಕೆ ಎಂದು ಕೂಗುತ್ತ ಹೋಗುವ ಕೆಲಸಕ್ಕೆ ಸಕಾಗಾಮಿ ಒಬ್ಬ ನಂಬಿಕಸ್ಥನನ್ನು ಆರಿಸಿದರು. ಅವನೇ ತೊಕುಜಿ.

ಮೊದಲ ಸಂಜೆ ಕೂಗಿ ಕೂಗಿ ದಣಿದು ಮನೆಗೆ ಬಂದರೆ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. “ಬಟ್ಟೆ ಒಣಗಿಸೋಕೆ ಜಾಗ ಇಲ್ಲ. ಮೇಲೆ ಹೋಗಿ ನೋಡ್ರೀ,” ಎಂದಳು. ಹೋಗಿ ನೋಡಿದ. ಬಾಲ್ಕನಿಯ ತುಂಬ ಬಡಾವಣೆಯೇ ಕೂತಿತ್ತು. ತನುಕಿ ಬೊಂಬೆ ಕತ್ತಿಗೆ ಕುಗಾಮ್ಮನ ಕಾಲುಚೀಲ ಸುತ್ತಿಕೊಂಡು, ಬಾಯಿಗೆ ಹಲ್ಲಿನ ಸೆಟ್ಟು ಕಚ್ಚಿಕೊಂಡು ಇವನನ್ನೇ ನೋಡಿ ನಗುತ್ತಿತ್ತು.

ಈಗಲೇ ಎಲ್ಲ ವಾಪಸು ಕೊಟ್ಟು ಕಾಲಿಗೆ ಬೀಳುವುದೆಂದು ಬೊಂಬೆಯನ್ನು ಎತ್ತಿಕೊಂಡ. ಅಷ್ಟರಲ್ಲಿ ಕೆಳಗೆ ಅಂಗಳದಲ್ಲಿ ಕಿಲಕಿಲ ನಗು ಕೇಳಿಸಿತು. ಬಗ್ಗಿ ನೋಡಿದರೆ ಚಿನಾಮಿಯ ಸುತ್ತ ಒಂದು ಹಿಂಡು ಮಕ್ಕಳು. ಕದ್ದ ನೀರಿನ ಪೈಪಿನ ತುಂಡೊಂದನ್ನು ಹಿಡಿದು ರಿಕಾಕೊ ಏನೋ ಕೇಳುತ್ತಿದ್ದಾಳೆ, ಚಿನಾಮಿ ಅದು ಚಂದ್ರನಿಗೆ ಬೇಕೋ ಬೇಡವೋ ತೀರ್ಪು ಕೊಡುತ್ತಿದ್ದಾಳೆ. ಈ ಮನೆಗೆ ಬಂದ ಮೇಲೆ ಆ ಮಗು ಹೀಗೆ ಬಾಯಿತುಂಬ ನಕ್ಕದ್ದನ್ನು ಅವನು ನೋಡಿಯೇ ಇರಲಿಲ್ಲ. ತೊಕುಜಿ ಬೊಂಬೆಯನ್ನು ಇದ್ದಲ್ಲೇ ಇಟ್ಟ. ಮಾರನೆಯ ಸಂಜೆ ಮತ್ತೆ ಹಳದಿ ಅಂಗಿ ತೊಟ್ಟು, ತನ್ನದೇ ಬಾಲ್ಕನಿಯ ಕೆಳಗೆ ನಿಂತು, ಕಳ್ಳರಿದ್ದಾರೆ ಎಂದು ಎಲ್ಲರಿಗಿಂತ ಜೋರಾಗಿ ಕೂಗಿದ. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಹುಣ್ಣಿಮೆಯ ಹಿಂದಿನ ದಿನ ಸಿಕ್ಕಿಬಿದ್ದರು. ಕುಗಾಮ್ಮನ ನೀರೆರೆಯುವ ಕ್ಯಾನನ್ನು ಮೂರು ಮಕ್ಕಳು ಹೆಣ ಹೊತ್ತಂತೆ ಹೊತ್ತು ತರುವಾಗ ಎದುರಿಗೆ ಸಕಾಗಾಮಿ ಬಂದರು. ಮಕ್ಕಳು ಓಡಲಿಲ್ಲ, ಅಳಲೂ ಇಲ್ಲ. ಇದು ಕಳ್ಳತನವಲ್ಲವೆಂದೂ ಆ ಮನೆಗೆ ಇನ್ನು ಅದೃಷ್ಟ ಬರುತ್ತದೆಂದೂ ಚಿನಾಮಿಯ ತಾತ ಹಾಗೆ ಹೇಳಿದ್ದಾರೆಂದೂ ಸಮಾಧಾನವಾಗಿ ತಿಳಿಸಿದರು. ಅಧ್ಯಕ್ಷರು ತಮ್ಮ ಪಕ್ಕದಲ್ಲೇ ಮರದ ತುಂಡು ಹಿಡಿದು ನಿಂತಿದ್ದ ನಂಬಿಕಸ್ಥನ ಕಡೆ ನಿಧಾನವಾಗಿ ತಿರುಗಿದರು.

ಅಂದು ಸಂಜೆಯೇ ಸಭಾಭವನದಲ್ಲಿ ಸಭೆ ಸೇರಿತು. ಭೂಕಂಪದ ತಾಲೀಮಿಗೂ ಬಾರದವರೆಲ್ಲ ಚಾಪೆ ತುಂಬಿ ಕೂತಿದ್ದರು. ಸಂಪ್ರದಾಯ ಎಂದರೆ ಒಂದು ವ್ಯಾಪ್ತಿ ಇರುತ್ತದೆ, ಆ ವ್ಯಾಪ್ತಿ ಈ ಸಲ ಸ್ವಲ್ಪ ವಿಸ್ತಾರವಾಯಿತು ಎಂದು ಒಕಿಶಿಮಾ ಮೇಡಂ ಏನೋ ಹೇಳಿ ಕೂತರು. ಸಕಾಗಾಮಿ ಎದ್ದು ಅಂಗಿಯ ಗುಂಡಿ ಸರಿಮಾಡಿಕೊಂಡರು.

“ಮುಖ್ಯ ಆರೋಪಿ ಚಿಕ್ಕ ಮಗು, ಒಪ್ತೀನಿ. ಆದ್ರೂ ಆ ಮಗು ಮನೆ ಮನೆಗೆ ಹೋಗಿ ತಲೆ ಬಗ್ಗಿಸಿ ಕ್ಷಮೆ ಕೇಳ್ಬೇಕು. ಅಲ್ಲೀವರೆಗೂ ಯಾರೂ ತಮ್ಮ ಮಕ್ಕಳನ್ನ ಅವಳ ಜೊತೆ ಆಡೋಕೆ ಬಿಡಬಾರದು.”

ಅಮ್ಮಂದಿರು ತಲೆಯಾಡಿಸಿದರು. ಅಜ್ಜಿಯ ತೊಡೆಯ ಮೇಲೆ ಕೂತಿದ್ದ ಚಿನಾಮಿ ತನ್ನ ಎರಡೂ ಕೈಗಳನ್ನು ಲಂಗದೊಳಗೆ ಬಚ್ಚಿಟ್ಟುಕೊಂಡಳು. ಅದನ್ನು ಕಂಡು ತೊಕುಜಿ ಎದ್ದು ನಿಂತ. ಹುಟ್ಟಿದಾಗಿನಿಂದ ಗಂಟಲಲ್ಲೇ ಸಿಕ್ಕಿಕೊಂಡಿದ್ದ ಮಾತು ಹೇಗೋ ಜಾರಿ ಹೊರಗೆ ಬಂತು.

“ನಂಗೆ ಗೊತ್ತಿಲ್ಲ,” ಎಂದ. “ಈ ಹಬ್ಬದ ವಿಷಯ ನಂಗೆ ಸರಿಯಾಗಿ ಗೊತ್ತಿಲ್ಲ. ಅರ್ಧ ಯಾರೋ ಹೇಳಿದ್ದು, ಇನ್ನರ್ಧ ನಾನೇ ಕಟ್ಟಿದ್ದು. ತಪ್ಪು ನಂದು, ಮಗೂದಲ್ಲ. ಮನೆ ಮನೆಗೂ ನಾನೇ ಬಂದು ತಲೆ ಬಗ್ಗಿಸ್ತೀನಿ.”

ಅಷ್ಟರಲ್ಲಿ ಮೂಲೆಯಲ್ಲಿ ತೂಕಡಿಸುತ್ತಿದ್ದ ತಾಜಿಮಾ ತಾತ ಕಣ್ಣು ಬಿಟ್ಟು, “ಕಟ್ಟಿದ್ದಲ್ಲ ಮಾರಾಯರೇ, ಅದು ನಿಜ. ಮಕ್ಕಳು ಕದ್ದ ಮನೆಗೆ ಅದೃಷ್ಟ ಅಂತ ನಮ್ಮ ಕಾಲದಿಂದಲೂ ಇದೆ. ಆದ್ರೆ ಒಂದು ಮಾತು...” ಎಂದು ಬೆರಳೆತ್ತಿದರು.

ಆ ಒಂದು ಮಾತನ್ನು ಈ ಸಲವೂ ಯಾರೂ ಕೇಳಿಸಿಕೊಳ್ಳಲಿಲ್ಲ. ಕುಗಾಮ್ಮ ಎದೆಯ ಮೇಲೆ ಕೈಯಿಟ್ಟುಕೊಂಡು ಎದ್ದಿದ್ದರು. “ನಮ್ಮ ಹುಡುಗನಿಗೆ ನಲವತ್ತು ದಾಟಿದ್ರೂ ಹೆಣ್ಣು ಸಿಕ್ಕಿರಲಿಲ್ಲ. ಕಾಲುಚೀಲ ಹೋದ ಮಾರನೇ ದಿನ ಒಂದು ಸಂಬಂಧ ಬಂತು,” ಎಂದರು.

ಸಭೆಯಲ್ಲಿ ಗುಜುಗುಜು ಎದ್ದಿತು. ತನುಕಿ ಬೊಂಬೆ ಕಳೆದುಕೊಂಡ ಮನೆಯವರು ತಮ್ಮ ಮಂಡಿನೋವು ಹೇಳದೆ ಕೇಳದೆ ಹೋಯಿತೆಂದರು. ಸೈಕಲ್ ಗಂಟೆ ಹೋದವನಿಗೆ ಬಡ್ತಿಯ ಸೂಚನೆ ಸಿಕ್ಕಿತ್ತು. ಹಲ್ಲಿನ ಸೆಟ್ಟಿನ ತಾತ, ಹಲ್ಲು ಹೋದಾಗಿನಿಂದ ಸೊಸೆ ಮೆತ್ತಗೆ ಗಂಜಿ ಮಾಡಿಕೊಡುತ್ತಿದ್ದಾಳೆ, ಇದಕ್ಕಿಂತ ಅದೃಷ್ಟ ಏನು ಬೇಕೆಂದು ಬೊಚ್ಚುಬಾಯಿಯಲ್ಲೇ ತಿಳಿಸಿದರು. ಎಲ್ಲ ವಸ್ತುಗಳನ್ನೂ ನಾಳೆಯೇ ತಂದು ಕೊಡುತ್ತೇನೆಂದು ತೊಕುಜಿ ಕೈಮುಗಿದರೆ, ಬೇಡವೇ ಬೇಡ, ಅದರ ಜೊತೆ ಬಂದದ್ದೂ ವಾಪಸು ಹೋದೀತು ಎಂದು ನಾಲ್ಕು ಕಡೆಯಿಂದ ತಡೆದರು. ಏನೂ ಕಳೆದುಕೊಳ್ಳದ ಮನೆಯವರ ಮುಖ ಮಾತ್ರ ಸಣ್ಣದಾಗತೊಡಗಿತು. ನಮ್ಮನೆ ಹೂಕುಂಡ ಕೈಗೆ ಸಿಗುವ ಹಾಗೇ ಇತ್ತಲ್ಲ, ಅದರಲ್ಲಿ ಏನು ಕೊರತೆ ಕಂಡಿತಂತೆ ಎಂದು ಒಬ್ಬಾಕೆ ದನಿಯೆತ್ತಿಯೇ ಕೇಳಿದಳು. ನಿಂತೇ ಇದ್ದ ಅಧ್ಯಕ್ಷರಿಗೆ ಎಲ್ಲರಿಗಿಂತ ಮೊದಲು ಹೊಳೆಯಿತು. ಅವರ ಮನೆಯಿಂದ ಒಂದು ಒಣಗಿದ ಎಲೆಯೂ ಕದ್ದುಹೋಗಿರಲಿಲ್ಲ.

ಹುಣ್ಣಿಮೆಯ ಮಧ್ಯಾಹ್ನ ಅವರು ತೊಕುಜಿಯ ಮನೆಗೆ ಬಂದರು. ಚಹಾ ಬೇಡವೆಂದರು. ಕೂರಲೂ ಇಲ್ಲ.

“ಬಡಾವಣೆಯ ಅಧ್ಯಕ್ಷರ ಮನೆ ಬಿಟ್ಟು ಉಳಿದವರಿಗೆಲ್ಲ ಅದೃಷ್ಟ ಅಂದ್ರೆ ಅದು ಶಿಸ್ತಲ್ಲ ಇಸೊಗಾಯಿಸಾನ್,” ಎಂದರು. ಇವತ್ತು ಸಂಜೆ ತಮ್ಮ ಮನೆಯಲ್ಲೂ ಕಳುವಾಗಬೇಕು, ಅದೂ ಕ್ರಮವಾಗಿ. ಆಗದಿದ್ದರೆ ಇದುವರೆಗೆ ಆದದ್ದೆಲ್ಲ ಸಂಪ್ರದಾಯವಲ್ಲ, ಬರೀ ಕಳ್ಳತನವೇ ಎಂದು ತಾವು ತಿಳಿಯಬೇಕಾಗುತ್ತದೆ. ಆಗ ಆ ಮಗು ಮನೆ ಮನೆಗೆ ಹೋಗಿ ತಲೆ ಬಗ್ಗಿಸಬೇಕಾಗುತ್ತದೆ, ಬೇರೆ ಮಕ್ಕಳು ದೂರ ಇರಬೇಕಾಗುತ್ತದೆ. ಇಷ್ಟು ಹೇಳಿ, ಸಂಜೆ ಗೇಟು ತೆಗೆದಿಡುತ್ತೇನೆಂದು ಹೊರಟುಹೋದರು.

ಆ ಸಂಜೆಯ ಬಡಾವಣೆಯನ್ನು ನೋಡಬೇಕಿತ್ತು. ಒಂದು ವಾರದ ಹಿಂದೆ ಕಾಲುಚೀಲಕ್ಕೆ ಪೊಲೀಸರನ್ನು ಕರೆಸಿದವರು ಇಂದು ಬಾಗಿಲ ಮುಂದೆ ಕಲ್ಲಂಗಡಿ ಇಟ್ಟಿದ್ದರು, ಪೆಟ್ಟಿಗೆ ಬಿಚ್ಚದ ರೈಸ್ ಕುಕ್ಕರ್ ಇಟ್ಟಿದ್ದರು. ಪಕ್ಕದವರ ಕಲ್ಲಂಗಡಿ ದೊಡ್ಡದೆಂದು ಕಂಡು ಒಳಗೆ ಓಡಿಹೋಗಿ ಬೆಳ್ಳಿಯ ಹೂದಾನಿ ತಂದಿಟ್ಟವರೂ ಇದ್ದರು. ಒಂದು ಮನೆಯಲ್ಲಿ ದೀಪ ಹಾಕಿ, ದಯವಿಟ್ಟು ಕದಿಯಿರಿ ಎಂದು ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿದ್ದರು. ಎಲ್ಲರೂ ಪರದೆಯ ಸಂದಿಯಿಂದ ಇಣುಕುತ್ತ, ನಮ್ಮದನ್ನು ಮುಟ್ಟಿದರೇ ಇಲ್ಲವೇ ಎಂದು ಲೆಕ್ಕ ಹಾಕುತ್ತ ಕೂತಿದ್ದರು. ಮಕ್ಕಳಿಗೆ ಮಾತ್ರ ಬೇಜಾರು ಬಂದುಬಿಟ್ಟಿತು. ಬಾ ಬಾ ಎಂದು ಕರೆದು ಕೊಡುವುದನ್ನು ಕದಿಯುವುದರಲ್ಲಿ ಏನಿದೆ ಮಜ? ಒಂದೆರಡು ಮನೆ ತಿರುಗಿ, ತೊಕುಜಿಯ ಅಂಗಳಕ್ಕೆ ಬಂದು ಸಾಲಾಗಿ ಕೂತು ಫುಸಾಯೆ ಮಾಡಿದ ಬಿಳಿ ಉಂಡೆ ತಿನ್ನತೊಡಗಿದರು.

ಸಕಾಗಾಮಿಯವರ ಮನೆಗೂ ಒಮ್ಮೆ ಹೋಗಿ ಬನ್ನಿರೆಂದು ತೊಕುಜಿ ಪರಿಪರಿಯಾಗಿ ಬೇಡಿಕೊಂಡ. ಒಬ್ಬರೂ ಏಳಲಿಲ್ಲ. ಆ ತಾತ ಗೇಟಿನಲ್ಲೇ ಟಾರ್ಚು ಹಿಡಿದುಕೊಂಡು ದುರುಗುಟ್ಟಿ ನೋಡುತ್ತ ನಿಂತಿದ್ದಾರೆ, ನಮಗೆ ಹೆದರಿಕೆ ಎಂದರು. ಚಿನಾಮಿ ಎದ್ದು ನಿಂತಳು.

“ನಾನು ಹೋಗದಿದ್ರೆ ನಂಜೊತೆ ಆಡಬಾರದು ಅಂತಾರಂತೆ,” ಎಂದಳು.

ರಿಕಾಕೊ ಅಂಗೈಗೆ ಅಂಟಿದ ಹಿಟ್ಟನ್ನು ಅಂಗಿಗೆ ಒರೆಸಿಕೊಂಡಳು. ಏನೋ ಕಷ್ಟದ ಲೆಕ್ಕ ಬಿಡಿಸುವವಳಂತೆ ಹುಬ್ಬು ಗಂಟಿಕ್ಕಿ ಯೋಚಿಸಿದಳು.

“ಆ ತಾತ ಆ ಕಡೆ ತಿರುಗಿಕೊಂಡ್ರೆ ನಾನೂ ಬರ್ತೀನಿ,” ಎಂದು ಚಿನಾಮಿಯ ಕೈ ಹಿಡಿದಳು.

ತೊಕುಜಿ ಕಣ್ಣಲ್ಲಿ ಏನೋ ಬಿದ್ದವನಂತೆ ಉಜ್ಜಿಕೊಂಡು ಮುಂದೆ ನಡೆದ. ಸಕಾಗಾಮಿಯವರ ಮನೆಯಲ್ಲಿ ವ್ಯವಸ್ಥೆಗೇನೂ ಕೊರತೆಯಿರಲಿಲ್ಲ. ತೆರೆದ ಗೇಟು, ಬಿಳಿ ಬಟ್ಟೆ ಹಾಸಿದ ಮೇಜು, ಅಳತೆಪಟ್ಟಿ ಹಿಡಿದು ಜೋಡಿಸಿದಂಥ ಉಂಡೆಗಳ ಗೋಪುರ. ಪಕ್ಕದಲ್ಲಿ ಕೋಟು ಹಾಕಿಕೊಂಡು, ಟಾರ್ಚು ಹಿಡಿದು, ಸೆಟೆದು ನಿಂತ ಯಜಮಾನರು. ಕಳ್ಳರು ಇಷ್ಟು ತಡವಾಗಿ ಬಂದರೆ ಹೇಗೆ ಎಂದು ಗಡಿಯಾರ ತೋರಿಸಿದರು. ತಾವು ಬೇರೆ ಕಡೆ ನೋಡಬೇಕು ಎಂದು ತೊಕುಜಿ ಮೆಲ್ಲಗೆ ಹೇಳಿದರೆ, ನೋಡದೇ ಇದ್ದರೆ ಸರಿಯಾಗಿ ಕದ್ದರೋ ಇಲ್ಲವೋ ತಿಳಿಯುವುದು ಹೇಗೆಂದು ಕೇಳಿದರು. ಆಯುಷ್ಯವೆಲ್ಲ ಪ್ಲಾಟ್‌ಫಾರಮ್ಮಿನಲ್ಲಿ ನಿಂತು ಬಂದ ರೈಲು ಹೋದ ರೈಲು ನೋಡಿದ ಕಣ್ಣು ಅದು, ಮುಚ್ಚು ಎಂದರೆ ಮುಚ್ಚೀತೇ?

“ಚಂದ್ರನ್ನ ನೋಡಿ ಸಾರ್,” ಎಂದ ತೊಕುಜಿ ಸೋತು. “ಹಬ್ಬ ಅವನದೇ ತಾನೇ?”

ನಿಜ ಹೇಳಬೇಕೆಂದರೆ ಅಷ್ಟು ಹೊತ್ತಾದರೂ ಬಡಾವಣೆಯಲ್ಲಿ ಒಬ್ಬರೂ ತಲೆಯೆತ್ತಿ ಚಂದ್ರನನ್ನು ನೋಡಿರಲಿಲ್ಲ. ಸಕಾಗಾಮಿ ಅನುಮಾನದಿಂದಲೇ ಕತ್ತೆತ್ತಿದರು. ನೀರಿನ ಟ್ಯಾಂಕಿನ ಮೇಲೆ ತುಂಬು ಚಂದ್ರ ಹಳದಿಗೆ ಎದ್ದಿದ್ದ. ಅವರ ಕೈಯಲ್ಲಿದ್ದ ಟಾರ್ಚು ತಾನಾಗಿ ಕೆಳಗಿಳಿಯಿತು.

“ನಮ್ಮನೆಯವಳು ಇರೋವರೆಗೂ ಪ್ರತಿ ವರ್ಷ ಕರೀತಿದ್ಲು, ಬನ್ರೀ ನೋಡಿ ಅಂತ,” ಎಂದರು. “ಡ್ಯೂಟಿ ಇದೆ ಅಂತಿದ್ದೆ.”

ತೊಕುಜಿಯೂ ಪಕ್ಕದಲ್ಲಿ ನಿಂತು ಮೇಲೆ ನೋಡಿದ. ಬೆನ್ನ ಹಿಂದೆ ಪಿಸುಪಿಸು, ತಟ್ಟೆ ಕುಲುಕಿದ ಸದ್ದು, ಒಂದು ಸೀನು, ಆಮೇಲೆ ಪುಟ್ಟ ಪಾದಗಳು ಓಡಿದ ಸದ್ದು ಕೇಳಿಸಿತು. ಇಬ್ಬರೂ ತಿರುಗಲಿಲ್ಲ. ಎಷ್ಟೋ ಹೊತ್ತಿನ ಮೇಲೆ ತಿರುಗಿ ನೋಡಿದರೆ ಉಂಡೆ, ತಟ್ಟೆ, ಬಿಳಿ ಬಟ್ಟೆ ಎಲ್ಲಾ ಮಾಯ. ಮೆಟ್ಟಿಲ ಮೇಲೆ ಬಿಟ್ಟಿದ್ದ ಅಧ್ಯಕ್ಷರ ಚಪ್ಪಲಿಗಳಲ್ಲಿ ಒಂದು ಇರಲಿಲ್ಲ. ಮಾರನೆಯ ದಿನ ಅವರು ಒಂದು ಕಾಲಿಗೆ ಚಪ್ಪಲಿ, ಇನ್ನೊಂದಕ್ಕೆ ಬೂಟು ಹಾಕಿಕೊಂಡು ಬೀದಿಯ ಉದ್ದಗಲಕ್ಕೆ ನಡೆದಾಡಿದರು. ಯಾಕೆ ಹೀಗೆ ಎಂದು ಕೇಳಿದವರಿಗೆ, ನಿಮ್ಮ ಮನೆಯಲ್ಲಿ ಏನು ಹೋಯಿತು ಎಂದು ಮೊದಲು ವಿಚಾರಿಸಿ, ಆಮೇಲೆ ತಮ್ಮ ಕಳುವಿನ ಪಟ್ಟಿ ಹೇಳಿದರು. ಕ್ಷಮೆಯ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ.

ತೊಕುಜಿಗೆ ಜ್ಞಾನೋದಯವಾಗಿತ್ತು. ಗೊತ್ತಿಲ್ಲ ಎಂದು ತುಂಬಿದ ಸಭೆಯಲ್ಲಿ ಹೇಳಿದರೂ ಆಕಾಶವೇನೂ ಕಳಚಿ ಬಿದ್ದಿರಲಿಲ್ಲ. ಇನ್ನು ಮೇಲೆ ಯಾರು ಏನು ಕೇಳಿದರೂ ಅದೊಂದೇ ಉತ್ತರವೆಂದು ಹೆಂಡತಿಯ ಮುಂದೆ ಆಣೆ ಮಾಡಿದ. ಅಂಗಡಿಯವನು ಸೊಪ್ಪು ಎಷ್ಟು ಕಟ್ಟು ಬೇಕೆಂದು ಕೇಳಿದಾಗಲೂ ಗೊತ್ತಿಲ್ಲವೆಂದು ಹೇಳಿ ಬರಿಗೈಯಲ್ಲಿ ಬಂದು ಬೈಸಿಕೊಂಡ.

ಮುಂದಿನ ವಾರ ಒಂದು ಬೆಳಿಗ್ಗೆ ಫೋನ್ ಬಂತು. ಒಕಿಶಿಮಾ ಮೇಡಂ ಬೀದಿಯಿಂದಲೇ ಮಾತಾಡುತ್ತಿದ್ದರು. ಮಕ್ಕಳನ್ನು ಪಾರ್ಕಿಗೆ ಹೊರಡಿಸಬೇಕು, ಆದರೆ ಚಿನಾಮಿಯ ಕೈ ಹಿಡಿಯಲು ರಿಕಾಕೊ ಬಂದಿದ್ದಾಳೆ, ರಿಕಾಕೊಳ ಹಳೆಯ ಜೋಡಿ ಹುಡುಗ ತಾನೂ ಸೇರುತ್ತೇನೆಂದು ಬಿಡುತ್ತಿಲ್ಲ, ಇಬ್ಬಿಬ್ಬರೇ ನಿಲ್ಲಬೇಕೆಂಬ ನಿಯಮ ಹೇಳಿದರೆ ಮೂವರೂ ಒಪ್ಪುತ್ತಿಲ್ಲ. ಹುಣ್ಣಿಮೆ ಕಳೆದ ಮೇಲೆ ಮೂವರು ಮೂವರು ಕೈ ಹಿಡಿದು ನಡೆಯುವುದೇ ಹಳೆಯ ಕಾಲದ ಪದ್ಧತಿ ಎಂದು ವಾದ ಮಾಡುತ್ತಿದ್ದಾರೆ.

“ಯಾರು ಹೇಳಿದ್ದು ಅಂದ್ರೆ ಚಿನಾಮಿಯ ತಾತ ಅಂತಾರೆ,” ಎಂದರು ಮೇಡಂ. “ನಿಜವಾಗಿಯೂ ಅಂಥ ಪದ್ಧತಿ ಇದೆಯಾ ಇಸೊಗಾಯಿಸಾನ್? ಇದ್ರೆ ನಮ್ಮ ಪಾಠಕ್ಕೆ ಸೇರಿಸ್ಕೋತೀನಿ.”

ತೊಕುಜಿ ಅಂಥ ಮಾತನ್ನು ಕನಸಿನಲ್ಲೂ ಹೇಳಿರಲಿಲ್ಲ. ಫುಸಾಯೆ ಸೌಟು ಹಿಡಿದುಕೊಂಡು ಅವನ ಬಾಯನ್ನೇ ನೋಡುತ್ತಿದ್ದಳು. ‘ಗೊ’ ಎಂದು ಶುರುವೂ ಮಾಡಿದ್ದ. ಅಷ್ಟರಲ್ಲಿ ಕಿಟಕಿಯ ಆಚೆ, ರಸ್ತೆಯ ಅಂಚಿನಲ್ಲಿ, ಹಳದಿ ಟೋಪಿಗಳ ಸಾಲು ಕಂಡಿತು. ಮೇಡಂ ಕಿವಿಗೆ ಫೋನ್ ಒತ್ತಿಕೊಂಡು ಮುಂದೆ ನಿಂತಿದ್ದರು. ಸಾಲಿನ ಮಧ್ಯದಲ್ಲಿ ಚಿನಾಮಿ ಇದ್ದಳು. ಅವಳ ಒಂದು ಕೈಯನ್ನು ರಿಕಾಕೊ, ಇನ್ನೊಂದನ್ನು ಆ ಹುಡುಗ ಹಿಡಿದುಕೊಂಡಿದ್ದರು, ಮೂಗು ಸೋರುತ್ತಿದ್ದರೂ ಒರೆಸಿಕೊಳ್ಳಲು ಒಂದು ಕೈಯೂ ಖಾಲಿಯಿರಲಿಲ್ಲ.

“ಇದೆ ಮೇಡಂ,” ಎಂದ ತೊಕುಜಿ. “ಬಹಳ ಹಳೇ ಪದ್ಧತಿ ಅದು.”